ಮನೆಯೊಳಗಿನ ಸ್ಟುಡಿಯೊ: ದುಡ್ಡು ಪೆಟ್ಟಿಗೆಗೋ, ಪ್ಲಗ್‌ಇನ್‌ಗೋ?

ಎಸ್ಸೆಸ್ಸೆಲ್ಸಿ ಪಾಸಾದರೆ ಕೈಗಡಿಯಾರ, ಪಿಯುಸಿ ಪಾಸಾದರೆ ಸೈಕಲ್ಲು. ಒಂದು ಕಾಲದಲ್ಲಿ ಅಪ್ಪ ಅಮ್ಮಂದಿರ ಲೆಕ್ಕಾಚಾರ ಇಷ್ಟು ಸರಳವಾಗಿತ್ತು. ಕೈಗಡಿಯಾರ ಎಂದರೇನು, ಸೈಕಲ್ಲು ಎಂದರೇನು ಎಂಬುದಾದರೂ ಅವರಿಗೆ ಗೊತ್ತಿತ್ತು. ಈಗ ಮಗ ಬಂದು ‘ಆಡಿಯೊ ಇಂಟರ್‌ಫೇಸ್ ಬೇಕು, ಕಂಡೆನ್ಸರ್ ಮೈಕ್ ಬೇಕು, ಒಂದಿಷ್ಟು ಪ್ಲಗ್‌ಇನ್ ಬೇಕು’ ಎನ್ನುತ್ತಾನೆ. ಮಗಳು ‘ಅನಲಾಗ್ ಕಂಪ್ರೆಸರ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಗ್ತಿದೆ, ಬಿಟ್ಟರೆ ಸಿಗಲ್ಲ’ ಎನ್ನುತ್ತಾಳೆ. ಕೊಡಿಸುವುದೋ ಬೇಡವೋ ಎಂಬುದು ಆಮೇಲಿನ ಮಾತು. ಮೊದಲು, ಇವೆಲ್ಲ ಏನು? ಯಾವುದಕ್ಕೆ ದುಡ್ಡು ಹಾಕಿದರೆ ಹಾಡು ನಿಜವಾಗಿಯೂ ಚೆನ್ನಾಗಿ ಕೇಳಿಸುತ್ತದೆ?

ನಾವು ಹಾಡಿದಾಗ ಗಾಳಿ ಅದುರುತ್ತದೆ. ಮೈಕು ಆ ಅದುರನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಿಸುತ್ತದೆ. ಏರಿಳಿತ ಏರಿಳಿತವಾಗಿಯೇ ತಂತಿಯಲ್ಲಿ ಹರಿದು, ವಾಲ್ವು, ಟ್ರಾನ್ಸಿಸ್ಟರು, ಟೇಪುಗಳ ಮೂಲಕ ಸಾಗಿದರೆ ಅದು ಅನಲಾಗ್. ಅದನ್ನೇ ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿಟ್ಟರೆ ಡಿಜಿಟಲ್. ಸಿ.ಡಿ.ಯಲ್ಲಿ ಇರುವುದು ಇದೇ ಲೆಕ್ಕ. ಅಳೆದು ಬರೆಯುವ ಪುಟ್ಟ ಪೆಟ್ಟಿಗೆಯೇ ಇಂಟರ್‌ಫೇಸ್. ಪ್ಲಗ್‌ಇನ್ ಎಂದರೆ ಕಂಪ್ಯೂಟರಿನ ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೆ ಬಾಡಿಗೆಗೆ ಕೂತ ಇನ್ನೊಂದು ಸಣ್ಣ ಪ್ರೋಗ್ರಾಮು. ಹಿಂದೆ ಸ್ಟುಡಿಯೊದಲ್ಲಿ ಬೀರುವಿನಷ್ಟು ಎತ್ತರ ಜೋಡಿಸಿಡುತ್ತಿದ್ದ ಈಕ್ವಲೈಜರ್, ಕಂಪ್ರೆಸರ್, ಎಕೋ ಯಂತ್ರಗಳ ಕೆಲಸವನ್ನು ಅದು ಬರೀ ಗಣಿತದಿಂದ ಮಾಡುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಶಬ್ದ ಕಂಪ್ಯೂಟರಿನ ಹೊಸ್ತಿಲು ದಾಟುವವರೆಗಿನ ಹಾದಿಗೆ ದುಡ್ಡು ಹಾಕಿ. ಹೊಸ್ತಿಲು ದಾಟಿದ ಮೇಲಿನ ಹಾದಿಗೆ ಮೊದಲ ಒಂದೆರಡು ವರ್ಷ ಬಿಡಿಗಾಸೂ ಬೇಡ.

ನಾಲ್ಕು ಟ್ರ್ಯಾಕು, ಎರಡು ಮೈಕು

ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯೊಂದರಲ್ಲಿ ಕುಳಿತು ಹೊಸ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಬಳಸಿದ್ದು ಟಿಯಾಕ್ ಕಂಪೆನಿಯ ಪೋರ್ಟಾಸ್ಟುಡಿಯೊ 144. 1979ರಲ್ಲಿ ಬಂದಿದ್ದ ಈ ಯಂತ್ರ ಮಾಮೂಲಿ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ಟ್ರ್ಯಾಕುಗಳನ್ನು ಬೇರೆ ಬೇರೆಯಾಗಿ ಬರೆಯುತ್ತಿತ್ತು. ಗುಣಮಟ್ಟ ಹೆಚ್ಚಲೆಂದು ಟೇಪನ್ನು ಎರಡರಷ್ಟು ವೇಗದಲ್ಲಿ ಓಡಿಸುತ್ತಿತ್ತು. ಜೊತೆಗಿದ್ದದ್ದು ಶ್ಯೂರ್ ಎಸ್‌ಎಂ 57 ಎಂಬ ಎರಡು ಸಾದಾ ಮೈಕು, ಟೇಪಿನಿಂದಲೇ ಪ್ರತಿಧ್ವನಿ ಹುಟ್ಟಿಸುವ ಎಕೋಪ್ಲೆಕ್ಸ್ ಯಂತ್ರ ಮತ್ತು ಒಂದು ಪ್ಯಾನಸೋನಿಕ್ ಟೇಪ್‌ರೆಕಾರ್ಡರ್.

ಇದು ಬ್ಯಾಂಡಿನವರಿಗೆ ಹಾಡು ಕಲಿಸಲು ಮಾಡಿಕೊಂಡ ಕಚ್ಚಾ ಪ್ರತಿ. ಆಮೇಲೆ ನ್ಯೂಯಾರ್ಕಿನ ದೊಡ್ಡ ಸ್ಟುಡಿಯೊದಲ್ಲಿ ಪೂರ್ತಿ ಬ್ಯಾಂಡಿನೊಂದಿಗೆ ಅದೇ ಹಾಡುಗಳನ್ನು ನುಡಿಸಿ ನೋಡಿದರು. ಎಲ್ಲ ಶುದ್ಧವಾಗಿತ್ತು, ಆದರೆ ಮನೆಯಲ್ಲಿ ಹಾಡಿದಾಗಿದ್ದ ಒಂಟಿತನ ಮಾಯವಾಗಿತ್ತು. ಕೊನೆಗೆ ಜೇಬಿನಲ್ಲಿ ಡಬ್ಬಿಯೂ ಇಲ್ಲದೆ ಓಡಾಡಿಸಿದ್ದ ಕ್ಯಾಸೆಟ್ಟನ್ನೇ ‘ನೆಬ್ರಾಸ್ಕಾ’ ಎಂಬ ಆಲ್ಬಮ್ಮಾಗಿ 1982ರ ಸೆಪ್ಟೆಂಬರಿನಲ್ಲಿ ಹೊರತಂದರು. ಈ ಕಥೆಯನ್ನು ಇಟ್ಟುಕೊಂಡು 2025ರಲ್ಲಿ ಒಂದು ಸಿನಿಮಾ ಕೂಡ ಬಂತು.

ಇದನ್ನು ಓದಿ ‘ಹಾಗಾದರೆ ಅನಲಾಗೇ ಶ್ರೇಷ್ಠ’ ಎಂದು ಮಕ್ಕಳು ಕುಣಿಯಬೇಕಿಲ್ಲ. ಆ ಕ್ಯಾಸೆಟ್ಟಿನಿಂದ ಎಲ್.ಪಿ. ರೆಕಾರ್ಡು ಮಾಡುವಷ್ಟರಲ್ಲಿ ಎಂಜಿನಿಯರುಗಳು ಹೈರಾಣಾಗಿದ್ದರು. ಅಲ್ಲಿ ಗೆದ್ದದ್ದು ಹಾಡು, ಹಾಡಿದ ರೀತಿ ಮತ್ತು ಮೈಕು ಇಟ್ಟ ಜಾಗ.

ಈಗ ಇನ್ನೊಂದು ಮನೆ ನೋಡಿ. ಲಾಸ್ ಏಂಜಲೀಸಿನ ಹೈಲ್ಯಾಂಡ್ ಪಾರ್ಕ್ ಬಡಾವಣೆಯಲ್ಲಿ ಬಿಲ್ಲಿ ಐಲಿಷ್ ಎಂಬ ಹುಡುಗಿ ಮತ್ತು ಅವಳ ಅಣ್ಣ ಫಿನಿಯಸ್ ಅಪ್ಪ ಅಮ್ಮನ ಜೊತೆ ವಾಸವಾಗಿದ್ದರು. ಅಣ್ಣನ ಮಲಗುವ ಕೋಣೆಯಲ್ಲಿ, ಲಾಜಿಕ್ ಎಂಬ ಸಾಫ್ಟ್‌ವೇರಿನಲ್ಲಿ ಇಬ್ಬರೂ ಸೇರಿ ಮಾಡಿದ ಆಲ್ಬಮ್ 2019ರ ಮಾರ್ಚಿನಲ್ಲಿ ಬಂತು. 2020ರ ಜನವರಿಯಲ್ಲಿ ಅದಕ್ಕೆ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿಯೂ ಸಿಕ್ಕಿತು. ಅದರ ಒಂದು ಹಾಡಿನಲ್ಲಿ ಆಸ್ಟ್ರೇಲಿಯದ ರಸ್ತೆ ದಾಟುವ ಸಿಗ್ನಲ್ಲಿನ ಟಿಕ್ ಟಿಕ್ ಸದ್ದೂ ಇದೆ, ಅದನ್ನು ಹಿಡಿದದ್ದು ಮೊಬೈಲ್ ಫೋನಿನಲ್ಲಿ. ಮಕ್ಕಳು ಇಷ್ಟನ್ನು ಅಪ್ಪನಿಗೆ ಹೇಳಿರುತ್ತಾರೆ. ಹೇಳದೇ ಬಿಟ್ಟಿರುವ ಭಾಗವೊಂದಿದೆ: ಕೋಣೆಯಲ್ಲಿ ತಯಾರಾದ ಟ್ರ್ಯಾಕುಗಳನ್ನು ಕೊನೆಗೆ ಹದವಾಗಿ ಬೆರೆಸಿದ್ದು ರಾಬ್ ಕಿನೆಲ್‌ಸ್ಕಿ ಎಂಬ ಪಳಗಿದ ಮಿಕ್ಸಿಂಗ್ ಎಂಜಿನಿಯರು.

ಬಲ್ಬಿನ ನೆನಪು

ಮೊದಲ ವಾಣಿಜ್ಯ ಪ್ಲಗ್‌ಇನ್ ಎಂಬ ಹೆಸರು ಇಸ್ರೇಲಿನ ವೇವ್ಸ್ ಕಂಪೆನಿಯ ಕ್ಯೂ10 ಎಂಬ ಈಕ್ವಲೈಜರಿಗೆ ಇದೆ. ಬಂದದ್ದು 1992ರಲ್ಲಿ. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪೆನಿ ವಿಎಸ್‌ಟಿ ಎಂಬ ಮಾದರಿಯನ್ನು ತಂದ ಮೇಲೆ ಯಾರು ಬೇಕಾದರೂ ಪ್ಲಗ್‌ಇನ್ ಬರೆಯಬಹುದು ಎಂದಾಯಿತು. ಆಮೇಲೆ ಹಳೆಯ ಹೆಸರುವಾಸಿ ಯಂತ್ರಗಳನ್ನು ಒಂದೊಂದಾಗಿ ಅನುಕರಿಸುವ ಕೆಲಸ ಶುರುವಾಯಿತು.

ಅಂಥ ಒಂದು ಯಂತ್ರ ಎಲ್‌ಎ-2ಎ ಎಂಬ ಅಮೆರಿಕದ ಕಂಪ್ರೆಸರ್. ಕಂಪ್ರೆಸರಿನ ಕೆಲಸವನ್ನು ನಮ್ಮ ಮನೆಗಳಲ್ಲಿ ಟೀವಿ ರಿಮೋಟ್ ಹಿಡಿದ ಅಜ್ಜ ಮಾಡುತ್ತಿರುತ್ತಾರೆ. ಜಾಹೀರಾತು ಅಬ್ಬರಿಸಿದಾಗ ಸದ್ದು ಇಳಿಸುವುದು, ಮತ್ತೆ ಮಾತು ಬಂದಾಗ ಏರಿಸುವುದು. ಎಲ್‌ಎ-2ಎಯಲ್ಲಿ ಆ ಅಜ್ಜನ ಜಾಗದಲ್ಲಿ ಇರುವುದು ಬೆಳಕು. ಹಾಡು ಜೋರಾದರೆ ಒಳಗಿನ ಫಲಕ ಬೆಳಗುತ್ತದೆ, ಎದುರಿಗಿರುವ ಬೆಳಕುಸೂಕ್ಷ್ಮ ತುಣುಕು ಅದನ್ನು ಕಂಡು ಸದ್ದನ್ನು ತಗ್ಗಿಸುತ್ತದೆ. ಸದ್ದು ನಿಂತ ಮೇಲೆ ಆ ತುಣುಕು ಮೊದಲ ಅರ್ಧ ದೂರ ಥಟ್ಟನೆ ಚೇತರಿಸಿಕೊಳ್ಳುತ್ತದೆ, ಉಳಿದರ್ಧಕ್ಕೆ ಸೆಕೆಂಡುಗಟ್ಟಲೆ ತೆಗೆದುಕೊಳ್ಳುತ್ತದೆ. ಎಷ್ಟು ಹೊತ್ತು ಬೆಳಕು ಬಿದ್ದಿತ್ತು ಎಂಬುದನ್ನು ಅದು ನೆನಪಿಟ್ಟಂತೆ ವರ್ತಿಸುತ್ತದೆ. ಹಾಡುವ ದನಿಗೆ ಈ ಸೋಮಾರಿತನವೇ ಹಿತ. ಪ್ಲಗ್‌ಇನ್ ಬರೆಯುವವರು ಇಂಥ ಸೋಮಾರಿತನವನ್ನೂ ಅಳೆದು ಸಮೀಕರಣಕ್ಕೆ ಇಳಿಸುತ್ತಾರೆ. ಹೊಸ ಎಲ್‌ಎ-2ಎ ಪೆಟ್ಟಿಗೆಗೆ 4,000 ಡಾಲರಿಗೂ ಹೆಚ್ಚು. ಅದರ ಪ್ಲಗ್‌ಇನ್ ರೂಪ ಅದರ ಸಣ್ಣ ಪಾಲಿಗೆ ಸಿಗುತ್ತದೆ, ಅದೇ ಬಗೆಯ ಕಂಪ್ರೆಸರ್ ಕೆಲವು ಸಾಫ್ಟ್‌ವೇರುಗಳ ಜೊತೆ ಪುಕ್ಕಟೆಯಾಗಿಯೇ ಬರುತ್ತದೆ.

ಪುಕ್ಕಟೆ ಎಂದ ಕೂಡಲೇ ಒಂದು ಎಚ್ಚರಿಕೆ. ಹಾಸ್ಟೆಲಿನಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಓಡಾಡುವ ‘ಕ್ರ್ಯಾಕ್’ ಪ್ಲಗ್‌ಇನ್‌ಗಳ ಮಾತು ಬೇರೆ. ಕಳ್ಳತನ ಎಂಬುದು ಹಾಗಿರಲಿ, ಅವುಗಳ ಹೊಟ್ಟೆಯಲ್ಲಿ ವೈರಸ್ಸು ಇರುವುದು ಅಪರೂಪವಲ್ಲ. ಅಪ್ಪ ಬ್ಯಾಂಕ್ ವ್ಯವಹಾರ ಮಾಡುವುದೂ ಆ ಕಂಪ್ಯೂಟರಿನಲ್ಲೇ.

ಎರಡನ್ನೂ ಬೆಸೆಯುವಾಗ

ಪ್ಲಗ್‌ಇನ್ ಮಾಡಲಾಗದ ಕೆಲಸವೂ ಇದೆ. ಖಾಲಿ ಕೋಣೆಯ ಗೋಡೆಗೆ ಬಡಿದು ಬಂದ ಸದ್ದು ಮೈಕಿನೊಳಗೆ ಸೇರಿದರೆ ಅದನ್ನು ಪೂರ್ತಿ ಬಿಡಿಸುವುದು ಸಾಧ್ಯವಿಲ್ಲ. ಆದ್ದರಿಂದ ಮೊದಲ ಖರೀದಿಗೆ ಮೊದಲೇ ಮನೆಯಲ್ಲಿರುವ ದಪ್ಪ ಕಂಬಳಿ, ರಜಾಯಿಗಳನ್ನು ಹಾಡುವವರ ಬೆನ್ನಿನ ಹಿಂದೆ ನೇತುಹಾಕಿ ನೋಡಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರ ಮುಂದೆ ನಿಂತರೂ ಆದೀತು. ಫ್ಯಾನು ನಿಲ್ಲಿಸಿ. ಕುಕ್ಕರ್ ಇಡುವ ಹೊತ್ತನ್ನು ಅಮ್ಮನ ಹತ್ತಿರ ಕೇಳಿಕೊಳ್ಳಿ. ಕಂಡೆನ್ಸರ್ ಮೈಕು ಪಕ್ಕದ ಮನೆಯ ಮಿಕ್ಸಿಯನ್ನೂ ಕೇಳಿಸಿಕೊಳ್ಳುವಷ್ಟು ಸೂಕ್ಷ್ಮ. ಗದ್ದಲದ ಬೀದಿಯ ಮನೆಗೆ, ನನ್ನ ಮಟ್ಟಿಗೆ, ಸ್ಪ್ರಿಂಗ್‌ಸ್ಟೀನರ ಎಸ್‌ಎಂ 57ರಂಥ ಡೈನಮಿಕ್ ಮೈಕೇ ವಾಸಿ. ಬಾಯಿಯ ಹತ್ತಿರ ಹಿಡಿದರೆ ದೂರದ ಸದ್ದು ತಾನಾಗಿ ಹಿಂದೆ ಸರಿಯುತ್ತದೆ.

ಇನ್ನು ಸದ್ದಿನ ಮಟ್ಟ. ಕ್ಯಾಸೆಟ್ ಡೆಕ್ಕಿನಲ್ಲಿ ಸೂಜಿ ಕೆಂಪು ಮುಟ್ಟುವಂತೆ ರೆಕಾರ್ಡ್ ಮಾಡುವುದು ಅಪ್ಪನ ಕಾಲದ ರೂಢಿ. ಟೇಪಿನ ಸುಯ್ಯೆನ್ನುವ ಸದ್ದನ್ನು ಮುಚ್ಚಲು ಅದು ಬೇಕಿತ್ತು, ಮಿತಿ ಸ್ವಲ್ಪ ಮೀರಿದರೂ ಟೇಪು ಅಲೆಯ ತುದಿಯನ್ನು ಮೆಲ್ಲಗೆ ದುಂಡಗೆ ಮಾಡುತ್ತಿತ್ತು. ಡಿಜಿಟಲ್ಲಿಗೆ ಆ ದಾಕ್ಷಿಣ್ಯವಿಲ್ಲ. ಸೊನ್ನೆ ಡೆಸಿಬೆಲ್ ದಾಟಿದ್ದನ್ನು ಕೊಡಲಿಯಿಂದ ಕಡಿದಂತೆ ಕಡಿಯುತ್ತದೆ. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144 ಡೆಸಿಬೆಲ್‌ನಷ್ಟು ಜಾಗವಿದೆ, ಹಾಗಾಗಿ ಅತಿ ಜೋರಾದ ಸ್ವರ ಮೈನಸ್ 12ರ ಆಸುಪಾಸಿನಲ್ಲಿ ನಿಂತರೆ ಸಾಕು. ಅನಲಾಗ್ ಪೆಟ್ಟಿಗೆಯ ಮೂಲಕ ಒಳಗೆ ಬಂದದ್ದು ಬೆಂದ ಅನ್ನ, ಮತ್ತೆ ಅಕ್ಕಿಯಾಗುವುದಿಲ್ಲ. ಕಂಪ್ರೆಸರ್ ಇದ್ದರೆ ಸ್ವಲ್ಪವೇ ತಿರುಗಿಸಿ, ಎಕೋ ಅಂತೂ ಒಳಬರುವಾಗ ಬೇಡವೇ ಬೇಡ. ಅದನ್ನು ಪ್ಲಗ್‌ಇನ್‌ನಿಂದ ಹಾಕಿದರೆ ನಾಳೆ ತೆಗೆಯಬಹುದು.

ಹಾಡುವಾಗ ತನ್ನ ದನಿ ತನಗೇ ತಡವಾಗಿ ಕೇಳಿಸುವುದು ಎಲ್ಲ ಹೊಸಬರ ದೂರು. ಕಂಪ್ಯೂಟರು ಅಂಕಿಗಳನ್ನು ಕಂತೆ ಕಂತೆಯಾಗಿ ಎತ್ತಿಕೊಳ್ಳುತ್ತದೆ. ಕಂತೆಗೆ 128 ಅಂಕಿಯಾದರೆ ಸುಮಾರು 3 ಮಿಲಿಸೆಕೆಂಡ್, 1,024 ಆದರೆ 23. ಸದ್ದು ಗಾಳಿಯಲ್ಲಿ ಅಷ್ಟು ಹೊತ್ತಿಗೆ ಸುಮಾರು 8 ಮೀಟರ್ ಹೋಗುತ್ತದೆ. ಅಂದರೆ ನಿಮ್ಮ ದನಿ ಹಜಾರದ ಆಚೆ ತುದಿಯಿಂದ ಕೇಳಿದಂತೆ. ರೆಕಾರ್ಡ್ ಮಾಡುವಾಗ ಕಂತೆ ಚಿಕ್ಕದಿರಲಿ, ಭಾರದ ಪ್ಲಗ್‌ಇನ್‌ಗಳು ಬಂದ್ ಆಗಿರಲಿ. ಇಂಟರ್‌ಫೇಸಿನಲ್ಲಿ ‘ಡೈರೆಕ್ಟ್ ಮಾನಿಟರ್’ ಗುಂಡಿ ಇದ್ದರೆ ಅದನ್ನು ಒತ್ತಿ. ದನಿ ಕಂಪ್ಯೂಟರಿಗೆ ಹೋಗಿ ಬರದೆ ನೇರ ಹೆಡ್‌ಫೋನಿಗೆ ಬರುತ್ತದೆ.

ಮಗಳು ಹೇಳಿದ ಸೆಕೆಂಡ್ ಹ್ಯಾಂಡ್ ಕಂಪ್ರೆಸರಿನ ಮಾತಿಗೆ ಬರೋಣ. ರೆಕಾರ್ಡಾದ ಟ್ರ್ಯಾಕನ್ನು ಹೊರಗಿನ ಪೆಟ್ಟಿಗೆಗೆ ಕಳಿಸಿ ವಾಪಸು ತರಲು ಇಂಟರ್‌ಫೇಸಿನಲ್ಲಿ ಸ್ಪೀಕರಿಗೆ ಬೇಕಾದ ಎರಡು ಔಟ್‌ಪುಟ್ ಬಿಟ್ಟು ಬೇರೆ ಔಟ್‌ಪುಟ್ ಇರಬೇಕು. ಅಗ್ಗದ ಇಂಟರ್‌ಫೇಸುಗಳಲ್ಲಿ ಇರುವುದೇ ಎರಡು. ಅಂದರೆ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕರೂ ಅದರ ಹಿಂದೆ ದೊಡ್ಡ ಇಂಟರ್‌ಫೇಸು, ಕೇಬಲ್ಲುಗಳ ಖರ್ಚು ಸಾಲುಗಟ್ಟಿ ನಿಂತಿರುತ್ತದೆ. ಕೊಡಿಸುವ ಮುನ್ನ ಇದನ್ನು ಕೇಳಿ.

ಇನ್ನೊಂದು ಮಾತನ್ನು ಅಪ್ಪ ಅಮ್ಮ ಖುದ್ದಾಗಿ ನೋಡಬೇಕು. ಹಳೆಯ ಪೆಟ್ಟಿಗೆ ಸೇರಿಸಿದ ಕೂಡಲೇ ಗುಂಯ್ ಎಂಬ ಸದ್ದು ಬರುವುದುಂಟು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅದುರುವಂಥದ್ದು, ಅದು ಅರ್ಥ್ ತಂತಿಗಳ ಸುತ್ತು ಹಾದಿಯಲ್ಲಿ ಹಾಡಿನೊಳಗೆ ನುಸುಳುತ್ತದೆ. ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತರೆ ಸದ್ದು ನಿಲ್ಲುತ್ತದೆ ಎಂದು ಯಾರಾದರೂ ಹೇಳಿಕೊಡುತ್ತಾರೆ. ನಿಲ್ಲುವುದೇನೋ ಹೌದು, ಆದರೆ ಪೆಟ್ಟಿಗೆಯೊಳಗೆ ತಂತಿ ಸಡಿಲಾದ ದಿನ ಮುಟ್ಟಿದವರಿಗೆ 230 ವೋಲ್ಟ್ ಹೊಡೆಯುತ್ತದೆ. ಆ ಕೆಲಸ ಯಾವತ್ತೂ ಬೇಡ. ಎಲ್ಲವನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿ, ಬ್ಯಾಲೆನ್ಸ್‌ಡ್ ಕೇಬಲ್ ಬಳಸಿ. ಬಹುಪಾಲು ಅಷ್ಟರಲ್ಲೇ ಸರಿಹೋಗುತ್ತದೆ.

ಗಮಕ ನುಂಗುವ ಪ್ಲಗ್‌ಇನ್

ನಮ್ಮ ಸಂಗೀತ ಕಲಿಯುವ ಮಕ್ಕಳಿಗೆ ಎರಡು ವಿಷಯ ವಿಶೇಷವಾಗಿ ಹೇಳಬೇಕು. ಶ್ರುತಿ ತಿದ್ದುವ ಆಟೋಟ್ಯೂನ್ 1997ರಲ್ಲಿ ಬಂತು. ಅದನ್ನು ಮಾಡಿದ ಆಂಡಿ ಹಿಲ್ಡಬ್ರಾಂಡ್ ಮೊದಲು ಭೂಮಿಯೊಳಗಿನ ತೈಲ ಹುಡುಕಲು ಕಂಪನಗಳ ಲೆಕ್ಕ ಹಾಕುತ್ತಿದ್ದವರು. ದನಿ ಯಾವ ಸ್ವರದ ಹತ್ತಿರವಿದೆಯೋ ಅಲ್ಲಿಗೆ ಎಳೆದು ಕೂರಿಸುವುದು ಅದರ ಕೆಲಸ. ತೋಡಿಯ ಗಾಂಧಾರ ಒಂದೆಡೆ ಕೂರುವುದೇ ಇಲ್ಲವಲ್ಲ! ಎರಡು ಸ್ವರಗಳ ನಡುವೆ ತೂಗುವುದೇ ಅದರ ಪ್ರಾಣ. ಪ್ಲಗ್‌ಇನ್ನಿಗೆ ಅದು ತಪ್ಪಾಗಿ ಕಾಣುತ್ತದೆ. ವೇಗವಾಗಿ ತಿದ್ದಲು ಬಿಟ್ಟರೆ ಗಮಕದ ಜಾಗದಲ್ಲಿ ಮೆಟ್ಟಿಲು ಹತ್ತಿದ ಸದ್ದು ಉಳಿಯುತ್ತದೆ. ಸಿನಿಮಾ ಹಾಡಿಗೆ ಆದೀತು, ಕೀರ್ತನೆಯ ಹತ್ತಿರ ಅದನ್ನು ತರಬೇಡಿ.

ಎರಡನೆಯದು, ಗದ್ದಲ ತೆಗೆಯುವ ಪ್ಲಗ್‌ಇನ್. ಒಂದೇ ಸಮನೆ ಕೇಳುವುದೆಲ್ಲ ಗದ್ದಲ ಎಂಬುದು ಅಂಥ ಹಲವು ಪ್ಲಗ್‌ಇನ್‌ಗಳ ನಂಬಿಕೆ. ಫ್ಯಾನಿನ ಜೊತೆಗೆ ಹಿಂದೆ ಮೀಟುತ್ತಿರುವ ತಂಬೂರಿಯನ್ನೂ ಅವು ಸವೆಸಿಬಿಡುತ್ತವೆ. ತಂಬೂರಿಯನ್ನು ಬೇರೆ ಟ್ರ್ಯಾಕಿನಲ್ಲಿ ಹಿಡಿದುಕೊಂಡರೆ ಈ ತೊಂದರೆಯಿಲ್ಲ. ಹಾಡುವವರು ಅದನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳಲಿ.

ಕೊನೆಗೆ, ಅನಲಾಗ್ ರುಚಿ ನೋಡಲೇಬೇಕು ಎನ್ನುವ ಮಕ್ಕಳು ಮೊದಲು ಅಟ್ಟ ಹತ್ತಲಿ. ಅಪ್ಪನ ಕಾಲದ ಕ್ಯಾಸೆಟ್ ಡೆಕ್ಕು ಕೆಟ್ಟಿಲ್ಲದಿದ್ದರೆ ಅದೇ ಅನಲಾಗ್ ಪೆಟ್ಟಿಗೆ. ಹತ್ತಿಯ ತುದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್ಡನ್ನು ಒರೆಸಿ, ಪೂರ್ತಿಯಾದ ಹಾಡನ್ನು ಇಂಟರ್‌ಫೇಸಿನಿಂದ ಡೆಕ್ಕಿಗೆ ಬರೆದು, ಮತ್ತೆ ಕಂಪ್ಯೂಟರಿಗೆ ಎತ್ತಿಕೊಂಡು ಎರಡನ್ನೂ ಹೋಲಿಸಿ ಕೇಳಲಿ. ಇಲ್ಲಿ ಸೂಜಿ ಕೆಂಪು ಮುಟ್ಟಬಹುದು. ಆದರೆ ಟೇಪಿನ ಪ್ರತಿಯನ್ನು ಮೂಲದ ಜೊತೆ ಒಟ್ಟಿಗೆ ನುಡಿಸುವ ಆಸೆ ಬೇಡ. ಡೆಕ್ಕಿನ ಮೋಟಾರಿನ ವೇಗ ಎಂದೂ ಕರಾರುವಾಕ್ಕಾಗಿರುವುದಿಲ್ಲ, ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಎರಡೂ ಬೇರೆ ಬೇರೆ ದಾರಿ ಹಿಡಿದಿರುತ್ತವೆ.