ಮಂಚದ ಕೆಳಗೊಂದು ಕಾಗದ!

ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಅಂಕೋಲೆ ಬಸ್ಸಿಗೆ ಕಾಯುತ್ತ ಈ ಪತ್ರಿಕೆ ಕೊಂಡ ಮಿತ್ರರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಓದಿ ಮುಗಿಸಿದ ಮೇಲೆ ಇದನ್ನು ಮನೆಯಲ್ಲಿ ಎಲ್ಲಿಡ್ತೀರಿ? ಕಪಾಟಿನಲ್ಲಾ? ಸುಳ್ಳು! ಮಂಚದ ಕೆಳಗೆ, ಇಲ್ಲವೇ ಫ್ರಿಜ್ಜಿನ ತಲೆಯ ಮೇಲೆ, ಇಲ್ಲವೇ ತಂಗಿಯ ಪುಸ್ತಕಗಳ ನಡುವೆ. ಆಮೇಲೆ 'ಈ ಮನೇಲಿ ಇಟ್ಟದ್ದು ಇಟ್ಟಲ್ಲಿ ಇರೋದಿಲ್ಲ' ಅಂತ ಕೂಗಾಡುವವರೂ ನೀವೇ. ಹೌದೋ ಅಲ್ಲವೋ?

ಅಂಕೋಲೆಯ ನಮ್ಮ ಮನೆಯೂ ಅಂಥದ್ದೇ. ಹೆಂಚಿನ ಮಾಡು, ಮುಂದೆ ಜಗಲಿ, ಒಳಗೆ ಆರು ಜನ. ಬೇಸಿಗೆ ಬಂತೆಂದರೆ ಮಂಚದ ಕೆಳಗೆ ಹುಲ್ಲು ಹಾಸಿ ಹಣ್ಣಿಗಿಟ್ಟ ಕರಿ ಈಶಾಡು ಮಾವಿನಕಾಯಿ. 2023ರಲ್ಲಿ ಜಿ.ಐ. ಮಾನ್ಯತೆ ಪಡೆದ ಹಣ್ಣು ಸ್ವಾಮೀ, ಅದರ ಘಮದಲ್ಲಿ ಮಲಗುವ ಭಾಗ್ಯ ಯಾವ ಹೀರೋಗುಂಟು? ಮಳೆಗಾಲದ ಕಥೆಯಂತೂ ಕೇಳಲೇಬೇಡಿ. ಕಾರವಾರದ ಸುತ್ತ ವರ್ಷಕ್ಕೆ ಸುಮಾರು 3 ಸಾವಿರ ಮಿಲಿಮೀಟರ್ ಮಳೆ. ಜೂನ್‌ನಿಂದ ಬಟ್ಟೆ ಒಣಗುವುದು ಪಡಸಾಲೆಯ ಹಗ್ಗದ ಮೇಲೇ. ಅಪ್ಪನ ಪಂಚೆಯನ್ನು ಸರಿಸಿ ಟಿವಿ ನೋಡಬೇಕು!

ನನಗೂ ಇದು ಸಾಕಾಗಿತ್ತು. ಬರೆದದ್ದಕ್ಕೆ ನಾಲ್ಕು ಕಾಸು ಬರತೊಡಗಿದಾಗ, ಎರಡು ವರ್ಷದ ಹಿಂದೆ, ಕಾರವಾರದಲ್ಲಿ ಒಂದು ಬಾಡಿಗೆ ರೂಮು ಹಿಡಿದೆ. ಒಂದು ಮಂಚ, ಒಂದು ಟೇಬಲ್ಲು, ಗೋಡೆಗೆ ಬಿಳಿ ಸುಣ್ಣ. ಒಂದು ಕಡ್ಡಿ ಆಚೀಚೆ ಇಲ್ಲ. ಇನ್ನು ಬರೆದದ್ದೇ ಬರೆದದ್ದು ಅಂದುಕೊಂಡೆ. ತಿಂಗಳು ಕಳೆಯಿತು... ಎರಡು ಸಾಲು ಹುಟ್ಟಲಿಲ್ಲ! ಆ ರೂಮಿನಲ್ಲಿ ಒಪ್ಪವಿಲ್ಲದ ವಸ್ತು ಅಂದರೆ ನಾನೊಬ್ಬನೇ. ಗಂಟುಮೂಟೆ ಕಟ್ಟಿ, ಸುಮಾರು 35 ಕಿಲೋಮೀಟರ್ ದೂರದ ಅಂಕೋಲೆಗೆ ವಾಪಸ್ ಬಂದೆ.

ಶಂಕ್ರಣ್ಣ ಕಂಡ ಮನೆ

ಸಿನಿಮಾ ಪತ್ರಿಕೆಯಲ್ಲಿ ಇದೆಂಥ ಮನೆಪುರಾಣ ಅಂತೀರಾ? ತಾಳಿ, ವಿಷಯಕ್ಕೆ ಬಂದೆ.

ನಮ್ಮದೇ ಜಿಲ್ಲೆಯ ಹೊನ್ನಾವರ ಕಡೆಯ ಮಲ್ಲಾಪುರದಲ್ಲಿ 1954ರಲ್ಲಿ ಹುಟ್ಟಿದ ಶಂಕರ್‌ನಾಗ್, ಆರ್.ಕೆ. ನಾರಾಯಣ್ ಕಥೆಗಳನ್ನು 'ಮಾಲ್ಗುಡಿ ಡೇಸ್' ಧಾರಾವಾಹಿ ಮಾಡಿದರು. 1986ರಲ್ಲಿ ದೂರದರ್ಶನದಲ್ಲಿ ಬಂದ ಅದನ್ನು ಇವತ್ತಿಗೂ ಜನ ಹುಡುಕಿ ನೋಡುತ್ತಾರೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಕಲಾನಿರ್ದೇಶನ ಜಾನ್ ದೇವರಾಜ್. ಇವರೆಲ್ಲ ಸೇರಿದ ಆ ಮನೆ ಸ್ಟುಡಿಯೋ ಸೆಟ್ಟಲ್ಲ, ಆಗುಂಬೆಯ ದೊಡ್ಡಮನೆ! ಜನ ಬಾಳಿ ಬದುಕುತ್ತಿದ್ದ ಹಳೆಯ ಮನೆ. ಅದಕ್ಕೇ ನೋಡಿ, ಅಲ್ಲಿ ಸ್ವಾಮಿ ಓಡಾಡಿದರೆ ನಮ್ಮ ಪಕ್ಕದ ಮನೆ ಹುಡುಗ ಓಡಾಡಿದ ಹಾಗೆ ಕಾಣ್ತದೆ.

ಸತ್ಯಜಿತ್ ರೇ 'ಪಥೇರ್ ಪಾಂಚಾಲಿ'ಗೆ (1955) ಆರಿಸಿಕೊಂಡದ್ದೂ ಕಲ್ಕತ್ತದ ಬಳಿಯ ಬೊರಾಲ್ ಹಳ್ಳಿಯ ಹಳೆಯ ಮುರುಕು ಮನೆಯನ್ನೇ. ಈಗಿನ ಧಾರಾವಾಹಿ ಮನೆಗಳನ್ನು ನೋಡಿ! ಹಾಲಿನ ನಡುವೆ ಮೆಟ್ಟಿಲು, ಮಲಗುವಾಗಲೂ ರೇಷ್ಮೆ ಸೀರೆ, ಎಲ್ಲೂ ಒಂದು ಒದ್ದೆ ಟವೆಲ್ಲಿಲ್ಲ. ಅಲ್ಲಿ ಯಾರು ಅತ್ತರೂ ನಮಗೆ ಅಳು ಬರೋದಿಲ್ಲ.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಇದನ್ನೂ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ್ದಾರೆ. 48 ಜನರಲ್ಲಿ ಕೆಲವರನ್ನು ಒಪ್ಪವಾದ ಕೋಣೆಯಲ್ಲೂ, ಉಳಿದವರನ್ನು ಚೆಲ್ಲಾಪಿಲ್ಲಿ ಕೋಣೆಯಲ್ಲೂ ಕೂರಿಸಿ, ಪಿಂಗ್‌ಪಾಂಗ್ ಚೆಂಡಿನಿಂದ ಏನೇನು ಮಾಡಬಹುದು ಹೇಳಿ ಅಂದರು. ಐಡಿಯಾಗಳ ಲೆಕ್ಕ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಹೊಸತನ ಹೆಚ್ಚಿದ್ದದ್ದು ಚೆಲ್ಲಾಪಿಲ್ಲಿ ಕೋಣೆಯವರ ಐಡಿಯಾಗಳಲ್ಲಿ! ಇನ್ನೊಂದು ಪರೀಕ್ಷೆಯಲ್ಲಿ ಒಪ್ಪವಾದ ಕೋಣೆಯವರು ಹೆಚ್ಚು ದಾನ ಕೊಟ್ಟರು, ಚಾಕೊಲೇಟು ಬಿಟ್ಟು ಸೇಬು ಆರಿಸಿದರು. ಅದನ್ನೂ ಮುಚ್ಚಿಡಬಾರದಲ್ಲ?

ಆ ಕಾಗದದ ಗುಟ್ಟು

ಆದರೆ ನನ್ನ ಕಾರಣ ಬೇರೆ. ಇದುವರೆಗೆ ಯಾರಿಗೂ ಹೇಳಿದ್ದಲ್ಲ.

ಎರಡನೇ ಪಿಯುಸಿಯಲ್ಲಿ ನಾನು ಕಾಲೇಜಿಗೆ ಚಕ್ಕರ್ ಹೊಡೆದೆ. ಬೆಳಿಗ್ಗೆ ಬ್ಯಾಗು ಹಿಡಿದು ಹೊರಡೋದು, ಊರೆಲ್ಲ ಸುತ್ತಿ ಸಂಜೆ ಬರೋದು. ಹಾಜರಿ ಸಾಲದೆಂದು ಕಾಲೇಜಿನಿಂದ ಅಪ್ಪನ ಹೆಸರಿಗೆ ಕಾಗದ ಬಂತು. ಪೋಸ್ಟ್‌ಮನ್ ಕೈಯಿಂದ ನಾನೇ ತಗೊಂಡು, ಮಂಚದ ಕೆಳಗೆ ಹಳೆಯ ಸಿನಿಮಾ ಪತ್ರಿಕೆ, ಮದುವೆ ಕರೆಯೋಲೆಗಳ ರಾಶಿಯೊಳಗೆ ತೂರಿಸಿದೆ. ಹರಿದು ಹಾಕುವ ಧೈರ್ಯ ಬರಲಿಲ್ಲ. ಕೊಡುವ ಧೈರ್ಯವಂತೂ ಮೊದಲೇ ಇರಲಿಲ್ಲ.

ನಾಲ್ಕು ತಿಂಗಳು ಕಳೆಯಿತು. ಅಷ್ಟರಲ್ಲಿ ನನ್ನ ಮೊದಲ ಲೇಖನ ಅಚ್ಚಾಯಿತು. ಆ ಹೊತ್ತಿಗೇ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಮನೆಯೆಲ್ಲ ಗುಡಿಸಿ ತೊಳೆಯುವ ಸಂಭ್ರಮ. ಆಯಿ ಮಂಚದ ಕೆಳಗಿನ ರಾಶಿ ಎಳೆದಳು. ಕಾಗದ ಜಾರಿ ಅಪ್ಪನ ಕಾಲ ಬಳಿಯೇ ಬಿತ್ತು! ನನ್ನ ಎದೆ ಧಸಕ್ಕೆಂದಿತು.

ಅಪ್ಪ ಬಗ್ಗಿ ಎತ್ತಿಕೊಂಡರು. ಬಿಚ್ಚಲೂ ಇಲ್ಲ. "ಇದಾ? ಇದು ಬಂದ ವಾರವೇ ನೋಡಿದ್ದೆ ತಮ್ಮಾ. ನನ್ನ ಕನ್ನಡಕ ಹುಡುಕ್ತಾ ಇದ್ದೆ, ಇದು ಸಿಕ್ತು. ಮತ್ತೆ ಅಲ್ಲೇ ಇಟ್ಟೆ."

"ಎಂತಕ್ಕೆ ಅಪ್ಪಾ?" ಅಂದೆ. ಗಂಟಲು ಒಣಗಿತ್ತು.

"ನೀನೇ ತಂದು ಕೊಡ್ತೀಯೇನೋ ಅಂತ ಕಾದೆ."

ಬೈಯಲಿಲ್ಲ, ಹೊಡೆಯಲಿಲ್ಲ. ಹೊರಗೆ ಜಗಲಿಗೆ ಹೋಗಿ ಕೂತರು. ಆ ರಾತ್ರಿ ನಾನೇ ಹೋಗಿ ಎಲ್ಲ ಹೇಳಿದೆ. ಅಚ್ಚಾದ ಲೇಖನವನ್ನೂ ತೋರಿಸಿದೆ. ಅಪ್ಪ ಎರಡು ಸಲ ಓದಿದರು. ಕೊನೆಗೆ ಅಂದದ್ದು ಇಷ್ಟೇ: "ಇದನ್ನ ಮಂಚದ ಕೆಳಗೆ ಹಾಕಬೇಡ."

ಯೋಚಿಸಿ ಮಿತ್ರರೇ! ಎಲ್ಲವೂ ಅದರದರ ಜಾಗದಲ್ಲಿರುವ ಮನೆಯಾಗಿದ್ದರೆ ಆ ಕಾಗದ ಮೊದಲ ದಿನವೇ ಅಪ್ಪನ ಮೇಜಿನ ಮೇಲಿರುತ್ತಿತ್ತು, ಅವತ್ತೇ ಪಂಚಾಯಿತಿ ನಡೆಯುತ್ತಿತ್ತು. ನೋಡಿಯೂ ನೋಡದ ಹಾಗಿರಲು ಅಪ್ಪನಿಗೆ, ಕಾಲೂರಿಕೊಳ್ಳಲು ನನಗೆ, ಆ ರಾಶಿ ನಾಲ್ಕು ತಿಂಗಳು ಅವಕಾಶ ಕೊಟ್ಟಿತು. ಕೆಲಸವಿಲ್ಲದ ಹುಡುಗ ಅಚ್ಚುಕಟ್ಟಾದ ಮನೆಯಲ್ಲಿ ಎಲ್ಲರ ಕಣ್ಣಿಗೂ ಚುಚ್ಚುತ್ತಾನೆ. ನಮ್ಮ ಮನೆಯಲ್ಲಿ ಹರಿದ ಕೊಡೆ, ಓಡದ ಗಡಿಯಾರಗಳ ನಡುವೆ ನನಗೂ ಒಂದು ಜಾಗವಿತ್ತು. ಯಾವತ್ತಾದರೂ ಬೇಕಾಗ್ತದೆ ಅಂತ ಅವನ್ನು ಇಟ್ಟುಕೊಂಡ ಹಾಗೇ ನನ್ನನ್ನೂ ಇಟ್ಟುಕೊಂಡರು!

ಒಂದು ಎಚ್ಚರಿಕೆ

ಹಾಗಂತ ಕೊಳಕು ಬೇರೆ, ಚೆಲ್ಲಾಪಿಲ್ಲಿ ಬೇರೆ. ಮಳೆಗಾಲದಲ್ಲಿ ಹಳೇ ಟೈರಿನಲ್ಲಿ ನೀರು ನಿಂತರೆ ಡೆಂಗೆ ಸೊಳ್ಳೆ ಹುಟ್ತದೆ, ಅದನ್ನು ಇವತ್ತೇ ಚೆಲ್ಲಿ. ಇನ್ನೊಂದು, ನೀವು ಹರಡಿದ್ದನ್ನೆಲ್ಲ ಆಯಿ ಒಬ್ಬಳೇ ಬಗ್ಗಿ ಎತ್ತುತ್ತಿದ್ದರೆ ಅದು ಸುಖಸಂಸಾರ ಅಲ್ಲ, ನಿಮ್ಮ ಸೋಮಾರಿತನ. ಉಂಡ ತಟ್ಟೆ ತೊಳೆದಿಟ್ಟು ಆಮೇಲೆ ಶಂಕ್ರಣ್ಣನ ಪಿಕ್ಚರ್ ನೋಡಿ.

ಅಂದಹಾಗೆ ಆ ಕಾಗದ ಈಗೆಲ್ಲಿದೆ ಅಂತೀರಾ? ಇಲ್ಲೇ, ಮನೆಯಲ್ಲೇ ಎಲ್ಲೋ ಇದೆ. ಹುಡುಕಿದರೆ ಸಿಕ್ಕೀತು.