ಪಡುಗಾಳಿಗೆ ಒಣಗುವ ಪರಿಮಳ

ಜಪಾನಿನಲ್ಲಿ ತಯಾರಾಗುವ ಊದುಬತ್ತಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ಎಪ್ಪತ್ತು ಪಾಲು ಒಂದೇ ದ್ವೀಪದ್ದು. ಅದರ ಹೆಸರು ಅವಾಜಿ. ಕೋಬೆ ನಗರದ ಪಕ್ಕದ ಅಕಾಶಿ ಜಲಸಂಧಿ ದಾಟಿದರೆ ಸಿಗುವ ಈ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಏಯಿ ಎಂಬ ಸಣ್ಣ ಬಂದರು ಊರಿದೆ. ದ್ವೀಪದ ಊದುಬತ್ತಿ ಉದ್ಯಮದ ತವರು ಅದೇ. ಸಮುದ್ರಕ್ಕೆ ಮುಖ ಮಾಡಿದ ಇಕ್ಕಟ್ಟಾದ ಓಣಿಗಳು, ಅವುಗಳ ನಡುವೆ ಮರದ ಗೋಡೆಯ ಕಾರ್ಖಾನೆಗಳು. ಗಾಳಿ ಬೀಸಿದ ಕಡೆಗೆಲ್ಲ ಗಂಧದ ಪುಡಿಯ ವಾಸನೆ. ಈ ಊರಿನ ಪರಿಮಳಕ್ಕೆ ಸರ್ಕಾರದ ಮುದ್ರೆಯೂ ಬಿದ್ದಿದೆ. ಜಪಾನಿನ ಪರಿಸರ ಸಚಿವಾಲಯ 2001ರಲ್ಲಿ ದೇಶದ ನೂರು ಸುವಾಸನೆಯ ತಾಣಗಳನ್ನು ಆಯ್ದಾಗ ಇಲ್ಲಿನ ಊದುಬತ್ತಿ ತಯಾರಿಕೆಯೂ ಆ ಪಟ್ಟಿಯಲ್ಲಿತ್ತು.

ತೇಲಿ ಬಂದ ಮರ

ಅವಾಜಿಗೂ ಸುಗಂಧಕ್ಕೂ ಇರುವ ನಂಟು ಬಹಳ ಹಳೆಯದು. 720ರಲ್ಲಿ ಪೂರ್ಣಗೊಂಡ ‘ನಿಹೊನ್ ಶೊಕಿ’ ಎಂಬ ಇತಿಹಾಸ ಗ್ರಂಥದಲ್ಲಿ ಅದರ ದಾಖಲೆಯಿದೆ. ಸಮ್ರಾಜ್ಞಿ ಸುಯಿಕೊ ಆಳ್ವಿಕೆಯ ಮೂರನೇ ವರ್ಷ, ಅಂದರೆ 595ರಲ್ಲಿ, ದ್ವೀಪದ ದಡಕ್ಕೆ ಒಂದು ಮರದ ದಿಮ್ಮಿ ತೇಲಿ ಬಂತು. ಅದೇನೆಂದು ತಿಳಿಯದ ಜನ ಉಳಿದ ಸೌದೆಯ ಜೊತೆ ಒಲೆಗೆ ಹಾಕಿದರು. ಹೊಗೆಯ ಸುವಾಸನೆ ದೂರದವರೆಗೂ ಹಬ್ಬಿತು. ಬೆರಗಾದ ಜನ ಅದನ್ನು ಅರಮನೆಗೆ ಒಪ್ಪಿಸಿದರು. ಅದು ಅಗರು ಮರ. ಜಪಾನಿನಲ್ಲಿ ಅಗರಿನ ಬಗ್ಗೆ ಸಿಗುವ ಮೊದಲ ಲಿಖಿತ ಉಲ್ಲೇಖ ಇದು ಎನ್ನುತ್ತಾರೆ. ದ್ವೀಪದ ಕಡಲಂಚಿನಲ್ಲಿರುವ ಕರೆಕಿ ಎಂಬ ಪುಟ್ಟ ಶಿಂತೊ ಗುಡಿಯಲ್ಲಿ ಇಂದಿಗೂ ಆ ಮರಕ್ಕೇ ಪೂಜೆ.

ಇಷ್ಟಾದರೂ, ಏಯಿ ಊದುಬತ್ತಿಯ ಊರಾದದ್ದು ಈ ಕಥೆಯಿಂದಲ್ಲ. ಅದಾದದ್ದು ಹೊಟ್ಟೆಪಾಡಿನಿಂದ, ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರ. ಚಳಿಗಾಲ ಬಂತೆಂದರೆ ಇಲ್ಲಿ ಪಡುಗಾಳಿಯ ಆರ್ಭಟ. ದೋಣಿಗಳು ಬಂದರು ಬಿಟ್ಟು ಕದಲುವಂತಿರಲಿಲ್ಲ. ಕಡಲನ್ನೇ ನಂಬಿದ ಮನೆಗಳಿಗೆ ಆ ತಿಂಗಳುಗಳಲ್ಲಿ ಸಂಪಾದನೆಯೇ ಇಲ್ಲ. ಒಳಗೆ ಕೂತು ಮಾಡುವ ಕೆಲಸ ಬೇಕಿತ್ತು. 1850ರಲ್ಲಿ, ಒಸಾಕಾ ಪಕ್ಕದ ಸಕಾಯಿ ಪಟ್ಟಣದಿಂದ ಊದುಬತ್ತಿಯ ವಿದ್ಯೆಯನ್ನು ಇಲ್ಲಿಗೆ ತಂದರು. ಬಂದರು ಇದ್ದುದರಿಂದ ಕಚ್ಚಾ ಸಾಮಗ್ರಿ ತರಿಸುವುದು, ಸರಕು ಕಳಿಸುವುದು ಸುಲಭವಾಯಿತು. ಮನೆಯಲ್ಲಿದ್ದ ಹೆಂಗಸರಿಗೆ ಕೈತುಂಬ ಕೆಲಸ ಸಿಕ್ಕಿತು. ಅನ್ನಕ್ಕೆ ಕಲ್ಲು ಹಾಕುತ್ತಿದ್ದ ಪಡುಗಾಳಿಯೇ ಬತ್ತಿ ಒಣಗಿಸುವ ಕೆಲಸಗಾರನಾಯಿತು.

ಕಡ್ಡಿಯಿಲ್ಲದ ಬತ್ತಿ

ನಮ್ಮ ಮೈಸೂರು, ಬೆಂಗಳೂರಿನ ಊದಿನಕಡ್ಡಿಯ ಒಳಗೆ ಬಿದಿರಿನ ಕಡ್ಡಿ ಇರುತ್ತದೆ. ಜಪಾನಿನ ಸೆಂಕೊ ಬತ್ತಿಗೆ ಅದಿಲ್ಲ. ತುದಿಯಿಂದ ತುದಿಯವರೆಗೂ ಮಸಾಲೆಯೇ. ಹೀಗಾಗಿ ಸುಟ್ಟ ಬಿದಿರಿನ ವಾಸನೆ ಬೆರೆಯುವುದಿಲ್ಲ, ಹೊಗೆಯೂ ಕಡಿಮೆ. ಆದರೆ ಒಳಗೆ ಆಸರೆ ಇಲ್ಲದ ಬತ್ತಿ ನೆಟ್ಟಗೆ ನಿಲ್ಲಬೇಕಾದರೆ ಅಂಟು ಗಟ್ಟಿ ಇರಬೇಕು. ಆ ಅಂಟು ಬರುವುದು ತಾಬು ಎಂಬ ಮರದ ತೊಗಟೆಯ ಪುಡಿಯಿಂದ. ನಮ್ಮ ಊದುಬತ್ತಿಯವರು ಜಿಗಟ್ ಎಂದು ಕರೆಯುವ ಪುಡಿಗೆ ಪಶ್ಚಿಮಘಟ್ಟದ ಗುಳಮಾವಿನ ತೊಗಟೆ ಬಳಕೆಯಾಗುತ್ತದೆ. ತಾಬು ಮತ್ತು ಗುಳಮಾವು ಹತ್ತಿರದ ಸಂಬಂಧಿಗಳು. ಎರಡೂ ದೇಶದ ಕುಶಲಕರ್ಮಿಗಳು ಬೇರೆಬೇರೆಯಾಗಿ ಒಂದೇ ಕುಲದ ಮರದ ಮೊರೆಹೋಗಿದ್ದಾರೆ.

ತೊಗಟೆಯ ಪುಡಿಗೆ ಗಂಧ, ಅಗರು, ಲವಂಗ, ದಾಲ್ಚಿನ್ನಿಯಂಥ ಪುಡಿಗಳನ್ನು ಬೆರೆಸಿ, ಬಿಸಿನೀರು ಹಾಕಿ ನಾದುತ್ತಾರೆ. ಕಣಕವನ್ನು ಯಂತ್ರಕ್ಕೆ ತುಂಬಿ ಒತ್ತಿದರೆ, ಶಾವಿಗೆ ಒರಳಿನಿಂದ ಇಳಿದಂತೆ ಸಾಲುಸಾಲಾಗಿ ಮೆತ್ತನೆಯ ಎಳೆಗಳು ಕೆಳಗಿನ ಹಲಗೆಯ ಮೇಲೆ ಬೀಳುತ್ತವೆ. ಎರಡೂ ತುದಿ ಸಮನಾಗಿ ಕತ್ತರಿಸಿ, ಉಳಿದ ತುಂಡನ್ನು ಮತ್ತೆ ಕಣಕಕ್ಕೇ ಸೇರಿಸುತ್ತಾರೆ. ಮುಂದಿನದು ಕೈಚಳಕದ ಕೆಲಸ. ಹಸಿ ಎಳೆಗಳನ್ನು ಒಣಗಿಸುವ ಹಲಗೆಗೆ ವರ್ಗಾಯಿಸಿ, ನಡುವೆ ಸಂದಿ ಉಳಿಯದಂತೆ ಒತ್ತೊತ್ತಾಗಿ ಜೋಡಿಸಬೇಕು. ಸಂದಿ ಬಿಟ್ಟರೆ ಒಣಗುವಾಗ ಬತ್ತಿ ಸೊಟ್ಟಗಾಗುತ್ತದೆ.

ಹಲಗೆಗಳು ಹೋಗುವುದು ಒಣಗಿಸುವ ಕೋಣೆಗೆ. ಅದರ ಗೋಡೆಯಲ್ಲಿ ಬೆಕಾಕೊ ಎಂಬ ಮರದ ಪಟ್ಟಿಗಳ ಕಿಟಕಿ. ಪಟ್ಟಿಗಳನ್ನು ಸರಿಸಿ ಗಾಳಿ ಎಷ್ಟು ಬರಬೇಕು ಎಂದು ತೀರ್ಮಾನಿಸುತ್ತಾರೆ. ಬಿರುಸು ಗಾಳಿಗೆ ಬತ್ತಿ ಬೇಗ ಒಣಗಿ ಬಿರುಕು ಬಿಡುತ್ತದೆ, ಗಾಳಿ ಸಾಲದಿದ್ದರೆ ಬೂಷ್ಟು ಹಿಡಿಯುತ್ತದೆ. ಈಗ ಯಂತ್ರದ ಡ್ರೈಯರ್‌ಗಳೂ ಬಂದಿವೆ. ಮಿಶ್ರಣದ ಹದ ನಿರ್ಧರಿಸುವವರಿಗೆ ಕೋಶಿ ಎಂಬ ಗೌರವದ ಹೆಸರು. ಇಂದಿನ ಗಾಳಿ, ತೇವ ನೋಡಿ ನೀರು ಎಷ್ಟು ಹಾಕಬೇಕೆಂದು ಹೇಳುವವರು ಅವರೇ.

ಮೈಸೂರಿನ ಗಂಧ

ವಿಚಿತ್ರವೆಂದರೆ ಈ ಪರಿಮಳದ ಮುಖ್ಯ ಸಾಮಗ್ರಿ ಯಾವುದೂ ಅವಾಜಿಯಲ್ಲಿ ಬೆಳೆಯುವುದಿಲ್ಲ. ಅಗರು ಬರುವುದು ವಿಯೆಟ್ನಾಂ, ಇಂಡೊನೇಷ್ಯಾ ಕಡೆಯಿಂದ. ಗಾಯಗೊಂಡು ಶಿಲೀಂಧ್ರ ತಗುಲಿದ ಮರ ತನ್ನ ರಕ್ಷಣೆಗೆ ಸುರಿಸುವ ರಾಳವೇ ಅದರ ಸುವಾಸನೆಯ ಮೂಲ. ಗಂಧದ ವಿಷಯಕ್ಕೆ ಬಂದರೆ ಜಪಾನಿನ ಸುಗಂಧ ವ್ಯಾಪಾರಿಗಳು ಮೈಸೂರು ಸೀಮೆಯ ಮರಕ್ಕೆ ಮೊದಲ ಮಣೆ ಹಾಕುತ್ತಾರೆ. ಇಂದು ಅದು ಸುಲಭದ ಮಾಲಲ್ಲ. ಕಾಡಿನ ಗಂಧ ಕಳ್ಳಸಾಗಣೆಗೆ ಬಲಿಯಾಗಿ ಕರಗಿದೆ, ದಿಮ್ಮಿಯ ರಫ್ತಿಗೆ ಭಾರತ ಕಡಿವಾಣ ಹಾಕಿದೆ. ಅಗರಿನ ಎಲ್ಲ ಪ್ರಭೇದಗಳೂ 2005ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿವೆ. ಹೀಗಾಗಿ ಅಸಲಿ ಅಗರಿನ ಬತ್ತಿ ದುಬಾರಿ, ದಿನಬಳಕೆಯ ಬತ್ತಿಗೆ ಕೃತಕ ಸುಗಂಧವೇ ಗತಿ.

ಬೇಡಿಕೆಯೂ ಬದಲಾಗಿದೆ. ಹಿರಿಯರ ನೆನಪಿಗೆ ಮನೆಯ ಬೌದ್ಧ ಪೀಠದ ಮುಂದೆ, ಆಗಸ್ಟಿನ ಓಬೊನ್ ಹಬ್ಬದಲ್ಲಿ ಸಮಾಧಿಗಳ ಎದುರು ಬತ್ತಿ ಹಚ್ಚುವುದು ವಾಡಿಕೆ. ನಗರದ ಚಿಕ್ಕ ಫ್ಲ್ಯಾಟುಗಳಲ್ಲಿ ಆ ಪೀಠಕ್ಕೆ ಜಾಗವಿಲ್ಲ. ಏಯಿಯ ತಯಾರಕರು ಇದಕ್ಕೆ ಕೈಕಟ್ಟಿ ಕೂತಿಲ್ಲ. ಇದ್ದಿಲ ಪುಡಿ ಬಳಸಿ ಹೊಗೆ ಕಡಿಮೆ ಇರುವ ಬತ್ತಿ ಮಾಡಿದ್ದಾರೆ, ಹಸಿರು ಚಹಾ, ಕಾಫಿಯ ಪರಿಮಳ ತಂದಿದ್ದಾರೆ, ಒಂದಾಗಿ ‘ಅವಾಜಿ ದ್ವೀಪದ ಕೋಶಿ’ಗಳೆಂಬ ಹೆಸರಿನಲ್ಲಿ ಹೊರದೇಶಗಳಿಗೂ ಮಾರುತ್ತಿದ್ದಾರೆ. ಮರ ಹೊರಗಿನದು, ವಿದ್ಯೆಯೂ ಹೊರಗಿನದು. ಊರಿನದೆಂದು ಇದ್ದದ್ದು ಗಾಳಿ ಮತ್ತು ದುಡಿಯುವ ಕೈ. ಅಷ್ಟರಲ್ಲೇ ಒಂದು ಬಂದರು ಊರು ಒಂದೂಮುಕ್ಕಾಲು ಶತಮಾನ ಬದುಕು ಕಟ್ಟಿಕೊಂಡಿದೆ.

ನೋಡಬೇಕೆನ್ನುವವರಿಗೆ ದಾರಿ ಕಷ್ಟವಲ್ಲ. ದ್ವೀಪದಲ್ಲಿ ರೈಲು ಇಲ್ಲ. ಕೋಬೆಯ ಸನ್ನೊಮಿಯದಿಂದ ಹೊರಡುವ ಬಸ್ಸುಗಳು 1998ರಲ್ಲಿ ತೆರೆದ, 1,991 ಮೀಟರ್ ನಡುಹರವಿನ ಅಕಾಶಿ ಕೈಕ್ಯೊ ತೂಗುಸೇತುವೆ ದಾಟಿ ಹೋಗುತ್ತವೆ. ಏಯಿ ಸುತ್ತಮುತ್ತ ಪ್ರವಾಸಿಗರಿಗೆ ಬತ್ತಿ ಮಾಡಲು ಕಲಿಸುವ ಕಾರ್ಖಾನೆಗಳಿವೆ, ಮೊದಲೇ ಕಾಯ್ದಿರಿಸಬೇಕು. ಗಾಳಿಯ ಬಲ ಕಾಣಬೇಕಿದ್ದರೆ ಚಳಿಗಾಲದಲ್ಲೇ ಹೋಗಿ, ಬೆಚ್ಚನೆಯ ಕೋಟು ಮರೆಯಬೇಡಿ.