ಬಾಗಿಲಲ್ಲಿ ಕೇಳಬೇಕಾದ ಕಾಗದ ಯಾವುದು?

ಸರ್ಚ್ ವಾರಂಟ್ ಇಲ್ಲದೆ ಪೊಲೀಸರು ಮನೆಯೊಳಗೆ ಕಾಲಿಡುವಂತಿಲ್ಲ. ಹಿರಿಯೂರಿನ ಬಸ್ ಸ್ಟ್ಯಾಂಡಿನಿಂದ ಹಿಡಿದು ಓದಿದವರ ವಾಟ್ಸಾಪ್ ಗುಂಪುಗಳವರೆಗೆ ಈ ಮಾತು ಎಷ್ಟು ಗಟ್ಟಿಯಾಗಿ ಕೂತಿದೆ ಎಂದರೆ, ಹಾಗಲ್ಲ ಎಂದವರನ್ನೇ ಜನ ಅನುಮಾನದಿಂದ ನೋಡುತ್ತಾರೆ. ಸಿನಿಮಾದಲ್ಲಿ ನಾಯಕ ‘ವಾರಂಟ್ ಎಲ್ಲಿ?’ ಎಂದ ಕೂಡಲೇ ಇನ್ಸ್‌ಪೆಕ್ಟರ್ ಮುಖ ಸಣ್ಣದು ಮಾಡಿಕೊಂಡು ಜೀಪು ಹತ್ತುತ್ತಾನೆ. ಆದಾಯ ತೆರಿಗೆ ದಾಳಿಯ ಸುದ್ದಿಗಳೂ ಇದಕ್ಕೆ ನೀರೆರೆದಿವೆ. ಆ ಇಲಾಖೆಯ ಕಾನೂನೇ ಬೇರೆ. ಅಲ್ಲಿ ದಾಳಿಗೆ ಬರುವವರ ಕೈಯಲ್ಲಿ ಮೇಲಧಿಕಾರಿಯ ಸಹಿಯ ಅಧಿಕಾರಪತ್ರ ಇರಲೇಬೇಕು. ಅದನ್ನೇ ಪೊಲೀಸರಿಗೂ ಅಂಟಿಸಿ ಮಾತಾಡುವುದು ನಮಗೆ ಅಭ್ಯಾಸವಾಗಿದೆ.

ನಿಜ ಸಂಗತಿ ಹೀಗಿದೆ. ತನಿಖೆಯಲ್ಲಿರುವ ಪ್ರಕರಣಕ್ಕೆ ಬೇಕಾದ ವಸ್ತು ಒಂದು ಮನೆಯಲ್ಲಿದೆ ಎಂದು ನಂಬಲು ಕಾರಣವಿದ್ದು, ಕೋರ್ಟಿಗೆ ಹೋಗಿ ಬರುವಷ್ಟರಲ್ಲಿ ತಡವಾದೀತು ಅನ್ನಿಸಿದರೆ, ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ವಾರಂಟ್ ಇಲ್ಲದೆಯೇ ಶೋಧ ನಡೆಸಬಹುದು. ಹಳೆಯ ಸಿಆರ್‌ಪಿಸಿಯಲ್ಲಿ ಇದು 165ನೇ ಕಲಂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 185ನೇ ಕಲಂ. ಬಾಗಿಲಿಗೆ ಅಡ್ಡ ನಿಂತು ‘ವಾರಂಟ್ ಐತಾ ಸಾರ್?’ ಎಂದು ಅರ್ಧ ಗಂಟೆ ವಾದಿಸಿದರೆ, ಕರ್ತವ್ಯಕ್ಕೆ ಅಡ್ಡಿ ಎಂಬ ಇನ್ನೊಂದು ಕೇಸು ಮೈಮೇಲೆ ಬಂದೀತು.

ನನಗೆ ಸಿಟ್ಟು ಬರುವುದು ಜನರ ಅಜ್ಞಾನಕ್ಕಲ್ಲ. ಈ ಒಂದು ತಪ್ಪು ಪ್ರಶ್ನೆಯ ಗದ್ದಲದಲ್ಲಿ, ಕಾನೂನು ನಮಗೆ ನಿಜಕ್ಕೂ ಕೊಟ್ಟಿರುವ ರಕ್ಷಣೆಗಳನ್ನು ಯಾರೂ ಕೇಳುವುದೇ ಇಲ್ಲವಲ್ಲ, ಅದಕ್ಕೆ. ಶೋಧಕ್ಕೆ ಮೊದಲೇ ಅಧಿಕಾರಿ ತನ್ನ ನಂಬಿಕೆಗೆ ಕಾರಣವೇನು, ಏನನ್ನು ಹುಡುಕುತ್ತಿದ್ದೇನೆ ಎಂದು ಕೇಸ್ ಡೈರಿಯಲ್ಲಿ ಬರೆದಿರಬೇಕು. ‘ಏನಾದ್ರೂ ಸಿಗ್ತದೇನೋ ನೋಡಣ’ ಎಂದು ಗೋದ್ರೇಜ್ ಬೀರು, ಅಕ್ಕಿ ಡಬ್ಬ ತಡಕುವುದಕ್ಕೆ ಈ ಕಲಂ ಅವಕಾಶ ಕೊಡುವುದಿಲ್ಲ. ಇಡೀ ಶೋಧವನ್ನು ವಿಡಿಯೊ ಮಾಡಬೇಕು. ಮೊಬೈಲಿನಲ್ಲಿ ಮಾಡಿದರೂ ಸಾಕು. ಬರೆದ ಕಾರಣಗಳ ಪ್ರತಿ 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಮನೆಯವರು ಅರ್ಜಿ ಹಾಕಿದರೆ ಆ ಪ್ರತಿಯನ್ನು ಮ್ಯಾಜಿಸ್ಟ್ರೇಟರು ಬಿಟ್ಟಿಯಾಗಿ ಕೊಡಬೇಕು. ಕೇಳಬೇಕಾದ ಕಾಗದ ಇದು. ಇದಕ್ಕಾಗಿ ಅರ್ಜಿ ಬರೆಯುವವರು ಎಷ್ಟು ಜನ?

ಇನ್ನು ಪಂಚನಾಮೆ. ಆ ಪ್ರದೇಶದ ಇಬ್ಬರಾದರೂ ಸ್ವತಂತ್ರ, ಗೌರವಸ್ಥ ನಿವಾಸಿಗಳ ಎದುರು ಶೋಧ ನಡೆಯಬೇಕು ಎನ್ನುತ್ತದೆ ಅದೇ ಸಂಹಿತೆಯ 103ನೇ ಕಲಂ. ಅಲ್ಲಿಯವರು ಸಿಗದಿದ್ದರೆ ಮಾತ್ರ ಬೇರೆ ಕಡೆಯವರು. ಮನೆಯವರು ಜೊತೆಗಿದ್ದು ನೋಡಬಹುದು, ಹೊರಗೆ ಕೂರಿಸುವಂತಿಲ್ಲ. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ಜಪ್ತಿಯಾದ ವಸ್ತು ಎಲ್ಲಿ ಸಿಕ್ಕಿತು ಎಂದು ಪಟ್ಟಿ ಮಾಡಿ, ಪಂಚರ ಸಹಿ ಹಾಕಿಸಿ, ಒಂದು ಪ್ರತಿ ಮನೆಯವರ ಕೈಗೆ ಕೊಡಬೇಕು. ಪಂಚನಾಗಿ ಕರೆದರೆ ನಮ್ಮವರು ಮಾಡುವುದೇನು? ‘ಕೋರ್ಟಿಗೆ ಯಾರು ಅಲೀತಾರೆ’ ಎಂದು ಹಿಂದಿನ ಬಾಗಿಲಿಂದ ಜಾರಿಕೊಳ್ಳುತ್ತಾರೆ. ಕೋರ್ಟು ಸಮನ್ಸ್ ಕಳಿಸಿದರೆ ಹೊರತು ಪಂಚ ಹೋಗಬೇಕಾಗಿಲ್ಲ ಎಂದು ಅದೇ ಕಲಂ ಹೇಳುತ್ತದೆ. ನೆರೆಯವರು ಜಾರಿಕೊಂಡಾಗ ಠಾಣೆಗೆ ಬೇಕಾದವರು, ಪ್ರತಿ ಕೇಸಿಗೂ ಸಹಿ ಹಾಕುವ ಅದೇ ಇಬ್ಬರು, ಬಂದು ನಿಲ್ಲುತ್ತಾರೆ. ನಿಂತವರಾದರೂ ಹಾಳೆಯ ಮೇಲೆ ಏನು ಬರೆದಿದೆ, ಶೋಧ ಶುರುವಾದ ಹೊತ್ತು, ಮುಗಿದ ಹೊತ್ತು ನಮೂದಾಗಿದೆಯೇ, ಅರಗು ಹಾಕಿದ ಬಟ್ಟೆ ಚೀಲದ ಚೀಟಿಯಲ್ಲಿ ಬರೆದದ್ದೂ ಚೀಲದೊಳಗೆ ಇಟ್ಟದ್ದೂ ಒಂದೇನಾ ಎಂದು ನೋಡುವುದಿಲ್ಲ. ಖಾಲಿ ಹಾಳೆಗೂ ಸಹಿ ಬೀಳುತ್ತದೆ.

ಮಿಕ್ಕ ನಂಬಿಕೆಗಳಿಗೆ ಹೆಚ್ಚು ಜಾಗ ಬೇಡ. ಅಕ್ರಮವಾಗಿ ಶೋಧಿಸಿದರೆ ಸಿಕ್ಕ ಸಾಕ್ಷ್ಯವೆಲ್ಲ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ ಎನ್ನುವುದು ಅಮೆರಿಕದ ಕಥೆ. ನಮ್ಮ ಸುಪ್ರೀಂ ಕೋರ್ಟ್ 1973ರಲ್ಲೇ, ಪೂರಣ್ ಮಲ್ ಪ್ರಕರಣದಲ್ಲಿ, ಅಷ್ಟಕ್ಕೇ ಸಾಕ್ಷ್ಯವನ್ನು ತಳ್ಳಿಹಾಕಲಾಗದು ಎಂದಿದೆ. ಸತ್ಯ ಬಾಯಿಬಿಡಿಸಲು ಯಾರಿಗೆ ಬೇಕಾದರೂ ಮಂಪರು ಪರೀಕ್ಷೆ ಮಾಡಬಹುದು ಎನ್ನುವುದೂ ಸುಳ್ಳು. 2010ರ ಸೆಲ್ವಿ ಪ್ರಕರಣದಲ್ಲಿ, ಅದೂ ಕರ್ನಾಟಕದಿಂದಲೇ ಹೋದದ್ದು, ಒಪ್ಪಿಗೆ ಇಲ್ಲದೆ ಕೂಡದು ಎಂದು ತೀರ್ಪಾಯಿತು.

ಮೊಬೈಲಿನ ವಿಷಯದಲ್ಲಿ ಮಾತ್ರ ನಮ್ಮವರ ನಂಬಿಕೆ ತಲೆಕೆಳಗು. ಮನೆಗೆ ವಾರಂಟ್ ಕೇಳುವವರೇ ಫೋನನ್ನು ಲಾಕ್ ತೆಗೆದು ಕೈಗಿಡುತ್ತಾರೆ. ವಾರಂಟಿನ ಮಾತು ಹೆಚ್ಚು ಒಪ್ಪುವುದು ಇಲ್ಲಿಯೇ! ವೀರೇಂದ್ರ ಖನ್ನಾ ಪ್ರಕರಣದಲ್ಲಿ 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಇದನ್ನು ಬಿಡಿಸಿ ಹೇಳಿದ್ದಾರೆ: ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಆರೋಪಿ ಒಪ್ಪದಿದ್ದರೆ ಕೋರ್ಟಿನ ಆದೇಶ ತರಬೇಕು, ತುರ್ತಿದ್ದರೆ ಕಾರಣ ಬರೆದಿಟ್ಟು ಮುಂದುವರಿಯಬೇಕು. ‘ತಪ್ಪು ಮಾಡದವನಿಗೆ ಮುಚ್ಚಿಡೋದೇನೈತೆ’ ಎನ್ನುವವರಿಗೆ ನೆನಪಿರಲಿ: ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ.

ವಾರಂಟ್ ಎಂಬ ಒಂದೇ ಕಾಗದದ ಮೇಲಿನ ಈ ಭಕ್ತಿಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಕಳ್ಳರು. ‘ಡಿಜಿಟಲ್ ಅರೆಸ್ಟ್’ ಎಂದು ವಿಡಿಯೊ ಕರೆ ಮಾಡುವವನು ಮೊದಲು ತೋರಿಸುವುದೇ ಸೀಲು ಹೊಡೆದ ವಾರಂಟು. ಮೇಷ್ಟರು, ಬ್ಯಾಂಕಿನಿಂದ ನಿವೃತ್ತರಾದವರು, ಡಾಕ್ಟರು ಅದನ್ನು ನೋಡಿ ಕೋಣೆಯ ಬಾಗಿಲು ಹಾಕಿಕೊಂಡು, ಫೋನಿನ ಕ್ಯಾಮೆರಾ ತಿರುಗಿಸಿ ಮನೆ ತೋರಿಸಿ, ಉಳಿತಾಯವೆಲ್ಲ ಕಳಿಸಿಬಿಡುತ್ತಾರೆ. ಯಾವ ಠಾಣೆ, ಎಫ್ಐಆರ್ ನಂಬರ್ ಎಷ್ಟು, ಪಂಚರು ಎಲ್ಲಿ ಎಂದು ಒಬ್ಬರೂ ಕೇಳುವುದಿಲ್ಲ. ವಿಡಿಯೊ ಕರೆಯಲ್ಲಿ ಬಂಧಿಸುವ, ಮನೆ ಶೋಧಿಸುವ ಅಧಿಕಾರ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಅಂಥ ಕರೆ ಬಂದರೆ ಕತ್ತರಿಸಿ. ದುಡ್ಡು ಹೋಗಿದ್ದರೆ ಆ ಗಳಿಗೆಯಲ್ಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ ಹೋಗುತ್ತದೆ.